ಕಂಬದ ಮೇಲಿಲ್ಲದ ಲೈನ್‌ಮನ್

ತಪ್ಪು ನನ್ನದೇ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ನಿಮಗೂ ಬಯ್ಯಲು ಅನುಕೂಲ. ತೊಂಬತ್ತರ ದಶಕ, ಡಿಗ್ರಿ ಮುಗಿಸಿ ಗುಬ್ಬಿಯ ಬೀದಿ ಅಳೆಯುತ್ತಿದ್ದ ಕಾಲ. ಒಂದು ಬೆಳಿಗ್ಗೆ ಬಸ್ ಸ್ಟ್ಯಾಂಡಿನ ಕಾಯಿನ್ ಬಾಕ್ಸಿನಿಂದ ನಮ್ಮ ಬೀದಿಯ ಹಿಟ್ಟಿನ ಮಿಲ್ಲಿಗೆ ಫೋನ್ ಮಾಡಿ, ಟೆಲಿಫೋನ್ ಸಾಹೇಬರ ಗಡಸು ದನಿ ತೆಗೆದೆ: "ಲೈನ್ ಟೆಸ್ಟಿಂಗ್ ಕಣ್ರೀ. ನಮ್ಮವನು ಕಂಬದ ಮೇಲಿದ್ದಾನೆ. ಸಂಜೆವರೆಗೂ ಬೆಲ್ ಆದ್ರೂ ಎತ್ಬೇಡಿ. ಎತ್ತಿದ್ರೋ, ಅವನಿಗೆ ಶಾಕು, ನಿಮಗೆ ಕೇಸು!"

ಬೀದಿಗೆಲ್ಲ ಅದೊಂದೇ ಫೋನು. ಎಲ್ಲರ ಅರ್ಜಿಯಲ್ಲೂ ಅದೇ ನಂಬರು, ಪಕ್ಕದಲ್ಲಿ ಪಿ.ಪಿ. ಎಂದು, ಅಂದರೆ ಫೋನು ನೆರೆಯವರದು, ಕರೆದುಕೊಡುತ್ತಾರೆ.

ನಗುತ್ತಾ ಬಂದರೆ ಅಮ್ಮ ಮಿಲ್ಲಿನ ಬೆಂಚಿನ ಮೇಲಿದ್ದಳು. ಕೈಯಲ್ಲಿ ಭಾವ ಕುಣಿಗಲ್ಲಿನಿಂದ ಕಂಡಕ್ಟರ್ ಮೂಲಕ ಕಳಿಸಿದ ಚೀಟಿ. ಅಕ್ಕನ ಹೆರಿಗೆ ಕಷ್ಟವಾಗಿದೆ. ತುಮಕೂರಿನ ಆಸ್ಪತ್ರೆಗೆ ಒಯ್ಯುವುದಾದರೆ ಫೋನ್ ಮಾಡುತ್ತೇನೆ. ತಮ್ಮನದೂ ಅವಳದೂ ಒಂದೇ ಬ್ಲಡ್ ಗ್ರೂಪು, ಅವನು ಸಿದ್ಧವಾಗಿರಲಿ.

ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ಮಿಲ್ಲಿನ ಯಜಮಾನರು ಅದಕ್ಕೆ ಒಣ ಗೋಣಿಚೀಲ ಹೊದಿಸಿ, ಅಡ್ಡಗೈ ಚಾಚಿ ನಿಂತಿದ್ದರು.

"ಎತ್ತಿ ಮಾವ! ಆ ಸಾಹೇಬ ನಾನೇ!"

"ಏನ್ಲಾ, ಈಗ್ಲೂ ನಾಟ್ಕನಾ? ಮೇಲಿರೋನು ಸುಟ್ಟೋಯ್ತಾನೆ ಕಣ್ಲಾ!"

"ಮೇಲೆ ಯಾರೂ ಇಲ್ಲ ಮಾವ!"

"ಹಂಗಾರೆ ಆ ದನಿ ಮಾಡು, ನೋಡಾನ."

ಊರಿನ ದೊಡ್ಡವರನ್ನೆಲ್ಲ ನಿದ್ದೆಗಣ್ಣಲ್ಲೂ ಅಣಕಿಸುವವನು ನಾನು. ಬಾಯಿ ತೆರೆದೆ. ಕೋಳಿಮರಿ ಕಿರುಚಿದಂತೆ ಏನೋ ಹೊರಬಿತ್ತು. ಇನ್ನೊಮ್ಮೆ ಯತ್ನಿಸಿದೆ, ಅಷ್ಟೂ ಬರಲಿಲ್ಲ. ಬೆಲ್ ನಿಂತಿತು.

"ನೋಡ್ದ್ರಾ? ಅವ್ರ ದನಿ ಇದಲ್ವೇ ಅಲ್ಲ!" ಎಂದರು ಯಜಮಾನರು, ಗೆದ್ದವರಂತೆ.

ಬಸ್ಸು ಹತ್ತುವುದಾದರೂ ಎಲ್ಲಿಗೆ? ಕುಣಿಗಲ್ಲಿಗೋ, ತುಮಕೂರಿಗೋ?

ಮತ್ತೆ ಬೆಲ್ ಆಯಿತು. ಅಮ್ಮ ಎದ್ದವಳೇ ಯಜಮಾನರ ತೋಳಡಿ ನುಗ್ಗಿ, ಚೀಲ ಕಿತ್ತೆಸೆದು ರಿಸೀವರ್ ಎತ್ತಿದಳು. ಅವರು ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡರು.

"ಎಷ್ಟ್ ಸಲ ಮಾಡೋದು ಅತ್ತೆ! ತುಮ್ಕೂರಿಗೆ ಹೊರ್ಟಿದೀವಿ, ಅವ್ನನ್ನ ಓಡ್ಸಿ!" ಭಾವನ ಕೂಗು ನನಗೂ ಕೇಳಿಸಿತು. ಚಪ್ಪಲಿ ಹುಡುಕದೆ ಓಡಿದೆ.

ರಕ್ತ ಕೊಟ್ಟೆ. ಅಕ್ಕನೂ ಮಗುವೂ ಉಳಿದರು. ಆದರೆ ಯಜಮಾನರ ಕೋಪ ಇಳಿದಿರಲಿಲ್ಲ. ವಾರದ ಮೇಲೆ ನಾನೂ ಅಮ್ಮನೂ ರಾಗಿ ಬೀಸಿಸಲು ಹೋದಾಗ, ಅವಳನ್ನು ತಡೆದು ಕೇಳಿದರು: "ಅಲ್ಲಮ್ಮಾ, ದಿಟವಾಗ್ಲೂ ಕಂಬದ್ಮೇಲೆ ಒಬ್ಬ ಇದ್ದಿದ್ರೆ? ಇವ್ನ ಮಾತು ಅದೆಂಗೆ ನಂಬ್ಬುಟ್ರಿ?"

ಅಮ್ಮ ಅಂದಳು: "ಸುಳ್ಳು ಹೇಳ್ವಾಗ ಇವ್ನ ಗಂಟ್ಲು ಒಂದಿನಾನೂ ಒಣಗಿಲ್ಲ ಕಣಣ್ಣ."