ಚಟ್ನಿ ಬೇಯಿಸಿದ ಬೈಕು

ತೆಂಗಿನಕಾಯಿ ಚಟ್ನಿ ಬೈಕಿನ ಮೇಲೆ ಬೇಯುತ್ತದೆಯೇ? ಬೇಯುತ್ತದೆ. ಮುಂಬಯಿಯ ಭಾಂಡುಪ್‌ನಿಂದ ಚೆಂಬೂರು ಮುಟ್ಟುವಷ್ಟರಲ್ಲಿ ನಾನೇ ಬೇಯಿಸಿದ್ದೇನೆ.

ನಮ್ಮತ್ತೆ ಮನೆಯಲ್ಲೇ ಇಡ್ಲಿ, ಚಟ್ನಿ ಮಾಡಿ ಆರ್ಡರ್ ಮೇಲೆ ಕೊಡುತ್ತಾರೆ. ತಲುಪಿಸುವವಳು ನಾನು, ನನ್ನ ಬೈಕಿನಲ್ಲಿ. (ಹೌದು, ಸ್ಕೂಟರ್ ಅಲ್ಲ, ಬೈಕು. ಆ ಪ್ರಶ್ನೆ ಇಲ್ಲಿಗೇ ಮುಗಿಯಲಿ.) ಸೀಟಿನ ಎರಡೂ ಬದಿಗೆ ಕಟ್ಟುವ ರೆಡಿಮೇಡ್ ಪೆಟ್ಟಿಗೆ ನೋಡಿದೆ. ಅತ್ತೆಯ ಪಾತ್ರೆ ಅದರೊಳಗೆ ಇಳಿಯಲೇ ಇಲ್ಲ. ಸರಿ, ನಾನೇ ಮಾಡಿದರಾಯಿತು!

ಪರಿಚಯದ ಹೋಟೆಲಿನಿಂದ ಖಾಲಿ ಎಣ್ಣೆ ಡಬ್ಬಗಳನ್ನು ತಂದೆ. ತಗಡು ಕತ್ತರಿಸಿ, ರಿವೆಟ್ ಹೊಡೆದು, ಮುಚ್ಚಳ ಕೂಡಿಸಿ, ಕಬ್ಬಿಣದ ಫ್ರೇಮಿಗೆ ಬಿಗಿದೆ. ಬೆರಳಿಗೆ ಎರಡು ಕಡೆ ಬ್ಯಾಂಡೇಜ್ ಬಂತು, ಆದರೆ ಪೆಟ್ಟಿಗೆ ಅಲುಗಾಡಲಿಲ್ಲ. ಬಿಲ್ಡಿಂಗಿನ ವಾಚ್‌ಮನ್ ಸುತ್ತು ಹಾಕಿ ನೋಡಿದ.

"ಮೇಡಂ, ಗಾಡಿ ಮೇ ಗೀಸರ್ ಲಗಾಯಾ ಕ್ಯಾ?"

ಗಾಡಿಗೆ ಗೀಸರ್ ಹಾಕಿಸಿದ್ದೀರಾ ಅಂತ! ನಕ್ಕುಬಿಟ್ಟೆ. ನಗಬಾರದಿತ್ತು.

ಶನಿವಾರ ಎಡಕ್ಕೆ ಇಡ್ಲಿ, ಬಲಕ್ಕೆ ಚಟ್ನಿ ಇಟ್ಟು ಚೆಂಬೂರಿಗೆ ಹೊರಟೆ. ಬಲಗಡೆ ಪೆಟ್ಟಿಗೆಯ ಕೆಳಗೇ ಬಿಸಿ ಹೊಗೆ ಕಾರುವ ಸೈಲೆನ್ಸರ್, ದಾರಿಯುದ್ದಕ್ಕೂ ಟ್ರಾಫಿಕ್. ಕೊಟ್ಟು ಮನೆಗೆ ಬರುವಷ್ಟರಲ್ಲಿ ಅತ್ತೆಗೆ ಫೋನ್ ಬಂದಾಗಿತ್ತು: "ಆಂಟಿ, ಇಡ್ಲಿ ಠಂಡಾ ಆಗಿದೆ, ಚಟ್ನಿ ಹಳಸಿದೆ."

ಅತ್ತೆಯ ಮುಖ ಸಪ್ಪಗಾಗಿತ್ತು. "ನನ್ನ ಕೈಯ ಚಟ್ನಿ ಹಳಸಿದೆ ಅಂತ ಇಷ್ಟರವರೆಗೆ ಯಾರೂ ಹೇಳ್ಲಿಲ್ಲ. ನಾಳೆದು ಆಗುದಿಲ್ಲ ಅಂತ ಹೇಳಿಬಿಡು."

ನಾಳೆಯದೆಂದರೆ ಚೆಂಬೂರಿನ ಕನ್ನಡಿಗರ ಕೂಟದ ತಿಂಡಿ. ಅತ್ತೆಗೆ ಸಿಕ್ಕ ಮೊದಲ ದೊಡ್ಡ ಆರ್ಡರ್! ಅದನ್ನು ಬಿಟ್ಟುಕೊಡುವುದುಂಟೇ?

"ಡಬ್ಬ ಸರಿ ಇದೆ ಅತ್ತೆ. ಒಳಗೆ ಥರ್ಮಾಕೋಲ್ ಹಾಕ್ತೇನೆ. ಬೇಕಾದ್ರೆ ಸಣ್ಣ ಫ್ಯಾನ್ ಕೂರಿಸ್ತೇನೆ."

ಅತ್ತೆ ಕೆಳಗಿಳಿದು ಬಂದು ಎರಡೂ ಮುಚ್ಚಳ ತೆಗೆದು ನೋಡಿದರು.

"ಚಟ್ನಿ ಯಾವುದ್ರಲ್ಲಿ ಇಟ್ಟದ್ದು?"

"ಬಲಗಡೇದ್ರಲ್ಲಿ."

"ಬಾಳೆಲೆಗೆ ಚಟ್ನಿ ಯಾವ ಬದಿಗೆ ಬಡಿಸುದು?"

"ಎಡಕ್ಕೆ."

"ಮತ್ತೆ ನೀನು ಎಂತಕ್ಕೆ ಬಲಕ್ಕೆ ಇಟ್ಟದ್ದು, ಮಾರಾಯ್ತಿ?"

ಭಾನುವಾರ ಎಲೆಯ ಕ್ರಮದಲ್ಲೇ ತುಂಬಿಸಿದೆವು. ಎಡಕ್ಕೆ ಚಟ್ನಿ, ಬಲಕ್ಕೆ ಇಡ್ಲಿ. ಚೆಂಬೂರಿನಲ್ಲಿ ಮುಚ್ಚಳ ತೆಗೆದರೆ ಇಡ್ಲಿ ಹಬೆಯಾಡುತ್ತಿತ್ತು, ಚಟ್ನಿ ಆಗಷ್ಟೇ ರುಬ್ಬಿದಂತಿತ್ತು. ಕೂಟದವರು ಮುಂದಿನ ತಿಂಗಳ ತಿಂಡಿಯನ್ನೂ ಅಲ್ಲೇ ಒಪ್ಪಿಸಿದರು. ಅಲ್ಲಿಂದಲೇ ಅತ್ತೆಗೆ ಫೋನ್ ಮಾಡಿ ಹೇಳಿದೆ.

ಸೈಲೆನ್ಸರ್ ಎಂದರೇನೆಂದು ಅತ್ತೆಗೆ ಈಗಲೂ ಗೊತ್ತಿಲ್ಲ. ನಾನೂ ಹೇಳಹೋಗಿಲ್ಲ. ಪೆಟ್ಟಿಗೆಯಂತೂ ಗಟ್ಟಿಮುಟ್ಟಾಗಿದೆ, ಅದರಲ್ಲಿ ಎರಡು ಮಾತಿಲ್ಲ.

ಆದರೆ ಒಂದು ಮಾತು: ಸೈಲೆನ್ಸರನ್ನು ಬಲಕ್ಕೇ ಇಟ್ಟ ಆ ಇಂಜಿನಿಯರ್ ಬಾಳೆಲೆಯಲ್ಲಿ ಉಂಡವನೇ ಇರಬೇಕು, ಅಲ್ಲವೇ?