ನೂರಾ ಇಪ್ಪತ್ತೆಂಟರ ಅಂತರ

ಮೊನ್ನೆ ಸಿರುಗುಪ್ಪದಲ್ಲಿ ಬಸ್ಸು ಬದಲಿಸಲು ಇಳಿದಾಗ ಗಿರಣಿಯ ಕಡೆಯಿಂದ ಬಿಸಿ ತೌಡಿನ ವಾಸನೆ ಬಂತು. ನಮ್ಮ ಕಂಪ್ಯೂಟರ್ ತರಗತಿಯ ಕಿಟಕಿಯಲ್ಲೂ ಇದೇ ವಾಸನೆ ಬರುತ್ತಿತ್ತು... ಮೇಡಂ ನೆನಪಾದರು.

ಅವರ ಮನೆಮಾತು ತೆಲುಗು, ಓದಿದ್ದು ಕನ್ನಡ ಶಾಲೆಯಲ್ಲಿ. ಅಜ್ಜಿಯ ಬಳಿ ಆದೋನಿಯಲ್ಲಿ ಬೆಳೆದ ಅವರ ಅಕ್ಕನಿಗೆ ಬರೆಯಲು ಬರುತ್ತಿದ್ದುದು ತೆಲುಗು ಮಾತ್ರ. ಜ್ವರ ಬಂದು ಅಕ್ಕನ ಕಿವಿ ಹೋದ ಮೇಲೆ ಫೋನಿನ ಮಾತು ನಿಂತು, ಮೆಸೇಜು ಶುರುವಾಯಿತು. ಎರಡೂ ಲಿಪಿ ನೋಡಲು ಹತ್ತಿರವೇ. ಆದರೂ ಮೇಡಂ ಒತ್ತಕ್ಷರಗಳಲ್ಲಿ ತಡವರಿಸಿ, ಕೊನೆಗೆ ತರಗತಿಯ ಕೆಳಗಿನ, ತೆಲುಗು ಬಲ್ಲ ಅಂಗಡಿಯವನಿಂದ ಓದಿಸಿಕೊಳ್ಳುತ್ತಿದ್ದರು. ಆತ ಸಂಕೋಚದ ಮನುಷ್ಯ. ಅಕ್ಕನ ಬೈಗುಳವನ್ನೆಲ್ಲ ಓದದೆ ನುಂಗಿಬಿಡುತ್ತಿದ್ದ.

"ಆಕಿ ಬೈದಿದ್ದೂ ನನಗ ಬೇಕಮ್ಮಾ," ಎನ್ನುತ್ತಿದ್ದರು ಮೇಡಂ.

ಒಂದು ದಿನ ಪಾಠದಲ್ಲಿ ಯುನಿಕೋಡ್ ಎಂಬ ಆದೇಶ ಬಂತು. ಅಕ್ಷರ ಕೊಟ್ಟರೆ ಕಂಪ್ಯೂಟರ್ ಅದನ್ನು ಗುರುತಿಸುವ ಸಂಖ್ಯೆ ಹೇಳುತ್ತದೆ. ಕನ್ನಡದ 'ಕ'ಗೆ 3221 ಬಂತು. ಸುಮ್ಮನೆ ಕುತೂಹಲಕ್ಕೆ ತೆಲುಗಿನ 'ಕ' ಹಾಕಿದರು. 3093. ವ್ಯತ್ಯಾಸ ನೂರಾ ಇಪ್ಪತ್ತೆಂಟು. 'ಗ' ಹಾಕಿದರು, 'ಮ' ಹಾಕಿದರು. ಅದೇ ನೂರಾ ಇಪ್ಪತ್ತೆಂಟು!

"ಲೇ, ಇದೇನ್ ಮಜಾ ಐತಿ!" ಎಂದವರು ನಮ್ಮನ್ನು ಮರೆತೇಬಿಟ್ಟರು. ಅಕ್ಕನ ಹೊಸ ಮೆಸೇಜಿನ ಅಕ್ಷರಗಳನ್ನು ಬಿಡಿಬಿಡಿಯಾಗಿ ಹಾಕಿ, ಪ್ರತಿ ಸಂಖ್ಯೆಗೂ ನೂರಾ ಇಪ್ಪತ್ತೆಂಟು ಕೂಡಿಸಿ, ಮತ್ತೆ ಅಕ್ಷರ ಮಾಡಿದರು. ಪ್ರಶ್ನೆ ಚಿಹ್ನೆಗೂ ಕೂಡಿಸಿದ್ದರಿಂದ ಅದು ತಲೆಕೆಳಗಾಗಿತ್ತು. ಉಳಿದದ್ದು ಸ್ವಚ್ಛ ಕನ್ನಡ ಲಿಪಿ:

'ಎಪ್ಪುಡೊಸ್ತಾವೇ ಗಾಡಿದಾ¿'

ಮೇಡಂ ಗಟ್ಟಿಯಾಗಿ ಓದಿದರು. ಇನ್ನೊಮ್ಮೆ ಓದಿದರು.

"ಯಾವಾಗ ಬರ್ತೀ ಕತ್ತೆ, ಅಂದಾಳ!" ನಗುತ್ತಲೇ ಕಣ್ಣೊರೆಸಿಕೊಂಡರು. "ಆಕಿ ದನಿ ಕೇಳಿದಂಗಾತು ನೋಡಮ್ಮಾ."

ತರಗತಿಯನ್ನು ಅರ್ಧಕ್ಕೇ ಬಿಟ್ಟು ಆದೋನಿ ಬಸ್ಸು ಹತ್ತಿದರು. ಮುಂದೆ ಅದೇ ನೂರಾ ಇಪ್ಪತ್ತೆಂಟನ್ನು ಕಳೆದು, ಕನ್ನಡ ಅಕ್ಷರವನ್ನು ತೆಲುಗಾಗಿಸಿ, ತಾವೂ ಬೈಯಲು ಕಲಿತರು. ಕೆಲಸ ಬಿಟ್ಟ ಮೇಲೆ ಅಕ್ಕನ ಮನೆಗೇ ಹೋದರು. ಹೋದ ವರ್ಷ ಅಲ್ಲಿಯೇ ತೀರಿಕೊಂಡರು...

ಮೊನ್ನೆ ನಾನು ಹೊರಟಿದ್ದು ಅವರ ವರ್ಷದ ತಿಥಿಗೆ. ಊಟವಾದ ಮೇಲೆ ಆ ಅಕ್ಕ ನನ್ನ ಕೈ ಹಿಡಿದು ತೆಲುಗಿನಲ್ಲಿ ತಂಗಿಯ ಬಗ್ಗೆ ಹೇಳುತ್ತಾ ಹೋದರು. ನಾನು ಕನ್ನಡದಲ್ಲಿ ಹೇಳಿದೆ. ಅವರಿಗೆ ಕೇಳಿಸಲಿಲ್ಲ, ನನಗೆ ಅರ್ಧವೂ ತಿಳಿಯಲಿಲ್ಲ. ಆದರೂ ಇಬ್ಬರೂ ಮಾತು ನಿಲ್ಲಿಸಲಿಲ್ಲ.