ನರ್ಸಮ್ಮನ ಪಟ್ಟಿಯ ಏಳನೇದು

ಹೊಸ ಮ್ಯಾನೇಜರ್ ಬಂದ ಮೊದಲ ದಿನವೇ ನನ್ನ ಪಟ್ಟಿಗಳನ್ನು ಕಸ ಎಂದ. ಅವತ್ತೇ ಅವನ ಮೇಲೆ ದ್ವೇಷ ಹುಟ್ಟಿತು, ಇವತ್ತಿಗೂ ಅದು ಗುಲಗಂಜಿಯಷ್ಟೂ ಕಡಿಮೆಯಾಗಿಲ್ಲ. ಆದರೆ ನಾನು ಬರೆಯಹೊರಟಿರುವುದು ಅವನ ತಪ್ಪನ್ನಷ್ಟೇ ಅಲ್ಲ.

ಸಕಲೇಶಪುರದ ಕಾಫಿ ವ್ಯಾಪಾರಿಯೊಬ್ಬರ ಗೋದಾಮಿನ ಮೇಲೆ ನಮ್ಮ ಷೇರು ಆಫೀಸು. ಅವರ ಮನೆತನದ್ದು ಕಾಫಿ ವ್ಯಾಪಾರ. ಷೇರಿನ ಏಜೆನ್ಸಿ ಆಮೇಲೆ ಹಿಡಿದದ್ದು. ಎಲ್ಲರೂ ಅವರನ್ನು ಸಾಹೇಬರು ಎನ್ನುತ್ತಾರೆ. ಅವರು ಮೇಲೆ ಬರುವುದು ವಾರಕ್ಕೊಮ್ಮೆ, ಅದೂ ಮೊಣಕಾಲು ಹಿಡಿದುಕೊಂಡು. ಮಿಕ್ಕಂತೆ ಆರು ವರ್ಷ ಆ ಕೋಣೆ, ಆ ಎರಡು ಕಂಪ್ಯೂಟರು, ಆ ಫೋನು ನನ್ನವೇ ಆಗಿದ್ದವು. ಪಾಳ್ಯದಿಂದ ಎರಡು ಬಸ್ಸು ಬದಲಿಸಿ ಬಂದು, ಮಾರುಕಟ್ಟೆ ತೆರೆಯುವ ಒಂಬತ್ತೂಕಾಲಕ್ಕೆ ಮುಂಚೆ ಕುರ್ಚಿಯಲ್ಲಿರುತ್ತಿದ್ದೆ.

ನನ್ನ ಕೆಲಸವನ್ನು ಹೊರಗಿನವರಿಗೆ ವಿವರಿಸುವುದು ಸ್ವಲ್ಪ ಕಷ್ಟ. ಟ್ರೇಡಿಂಗ್ ಸಾಫ್ಟ್‌ವೇರಿನಲ್ಲಿ ಪ್ರತಿ ಕಂಪನಿಗೂ ಒಂದು ಮೊಟಕು ಹೆಸರಿರುತ್ತದೆ, ಸಿಂಬಲ್ ಅಂತ. ಒಬ್ಬೊಬ್ಬ ಗ್ರಾಹಕರು ಕಣ್ಣಿಟ್ಟಿರುವ ಷೇರುಗಳ ಸಿಂಬಲ್‌ಗಳನ್ನು ಜೋಡಿಸಿ ಅವರವರ ಹೆಸರಿನಲ್ಲಿ ಒಂದೊಂದು ಪಟ್ಟಿ ಮಾಡಿಡಬೇಕು. ಒಮ್ಮೆ ಮಾಡಿಟ್ಟರೆ ಮುಗಿಯುವುದಿಲ್ಲ. ಕಂಪನಿ ಹೆಸರು ಬದಲಾಯಿಸಿದರೆ ಸಿಂಬಲ್ಲೂ ಬದಲಾಗುತ್ತದೆ, ಹಳೆಯದು ದರ ಅಲ್ಲಾಡದೆ ಹೆಣದಂತೆ ಬಿದ್ದಿರುತ್ತದೆ. ಒಂದು ಕಂಪನಿ ಒಡೆದು ಎರಡಾದರೆ ಇನ್ನೊಂದು ಸಾಲು ಸೇರಿಸಬೇಕು. ಗದ್ದೆಯ ಬದು ನೋಡಿಕೊಂಡ ಹಾಗೆ ದಿನಾ ನೋಡಬೇಕು. ನೋಡಿಕೊಳ್ಳುವಷ್ಟು ದಿನ ಅದು ಯಾರ ಕಣ್ಣಿಗೂ ಬೀಳದ ಕೆಲಸ.

ನಮ್ಮ ಗ್ರಾಹಕರಲ್ಲಿ ಹೆಚ್ಚಿನವರು ಘಟ್ಟದ ಕಡೆಯ ಹಳ್ಳಿಯವರು. ಅವರ ಊರುಗಳಲ್ಲಿ ಫೋನು ಸಿಗುವುದೇ ಒಂದು ಪುಣ್ಯ. ಹೆಗ್ಗದ್ದೆಯ ಒಬ್ಬ ನಿವೃತ್ತ ನರ್ಸ್ ನಮ್ಮ ಹಳೆಯ ಗ್ರಾಹಕರು. ಎಸ್ಟೇಟ್ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ದುಡಿದವರು, ಎಲ್ಲರಿಗೂ ನರ್ಸಮ್ಮ. ಮನೆಯಿಂದ ಮೇಲೆ ಹತ್ತಿ ರಸ್ತೆಯ ತಿರುವಿಗೆ ಬಂದರೆ ಮಾತ್ರ ಅವರ ಮೊಬೈಲಿಗೆ ಸಿಗ್ನಲ್. ಅದೂ ಅರ್ಧ ಮಾತಿಗೆ ಕಡಿದುಹೋಗುತ್ತಿತ್ತು. ಇಂಗ್ಲಿಷ್ ಹೆಸರು ಹೇಳಿದರೆ ನನಗೆ ಕೇಳಿಸುತ್ತಿದ್ದುದು ಬರೀ ಗಾಳಿ. ಅದಕ್ಕೆ ಅವರೇ ಒಂದು ದಾರಿ ಕಂಡುಕೊಂಡರು. ಅವರ ಪಟ್ಟಿಯನ್ನು ನಾನು ಒಂದು ಹಾಳೆಯಲ್ಲಿ ಅದೇ ಕ್ರಮದಲ್ಲಿ ಬರೆದುಕೊಟ್ಟೆ. ಆಮೇಲಿಂದ ಅವರ ಫೋನು ಇಷ್ಟೇ: “ನರ್ಸು ಕಣವ್ವ. ಮೂರನೇದು ಹತ್ತು ತಗೋ.” ನಾನು ಕಂಪನಿಯ ಹೆಸರು ಕೂಗಿ ಹೇಳುತ್ತಿದ್ದೆ. “ಹೂಂ, ಅದೇಯ,” ಅನ್ನುವಷ್ಟರಲ್ಲಿ ಲೈನು ಕಡಿಯುತ್ತಿತ್ತು.

ಅವರ ಪಟ್ಟಿಯ ಮೊದಲನೇ ಸಾಲು ಒಂದು ಬಣ್ಣದ ಕಂಪನಿ. ಅವರ ಅಕ್ಕ ಟೆಲಿಫೋನ್ ಇಲಾಖೆಗೆ ಸೇರಿದ ಹೊಸದರಲ್ಲಿ, ಷೇರು ಎಂದರೆ ಕಾಗದವಾಗಿದ್ದ ಕಾಲದಲ್ಲಿ ಕೊಂಡದ್ದು. ಅಕ್ಕ ಕ್ಯಾನ್ಸರಿನಿಂದ ಹೋದ ಮೇಲೆ ತಂಗಿಗೆ ಬಂದಿತ್ತು. “ಅದು ಮಾರಾಕಲ್ಲ, ನೋಡಾಕೆ ಇಟ್ಟಿರದು. ಮೇಲ್ಗಡೆ ಇರ್ಲಿ,” ಎಂದಿದ್ದರು.

ಈ ವ್ಯವಸ್ಥೆಯ ನಡುವೆ ಏಜೆನ್ಸಿ ಕೊಟ್ಟ ಷೇರು ಕಂಪನಿಯವರು ಹಾಸನದಿಂದ ಮ್ಯಾನೇಜರನನ್ನು ಕಳಿಸಿದರು. ಇಸ್ತ್ರಿ ಮಾಡಿದ ಅಂಗಿ, ಕಿವಿಯಲ್ಲಿ ಸದಾ ಒಂದು ಹೆಡ್‌ಸೆಟ್. ನನ್ನ ಕುರ್ಚಿಯ ಹಿಂದೆ ನಿಂತು ಪಟ್ಟಿಗಳನ್ನು ಒಂದೊಂದಾಗಿ ತೆರೆಸಿದ.

“ಇದೇನಿದು? ಯಾವ್ದಕ್ಕೂ ಒಂದು ಆರ್ಡರ್ ಇಲ್ಲ. ‘ಹೊಂಗಡಹಳ್ಳ ರೈಟರ್’, ‘ನರ್ಸಮ್ಮ’... ಇವೆಲ್ಲ ಫೈಲ್ ಹೆಸರಾ? ಕಸ ತುಂಬ್ಕೊಂಡು ಕೂತಿದೀರಲ್ಲ.”

“ಗ್ರಾಹಕರು ಹೇಳಿದ ಕ್ರಮ ಸರ್ ಅದು.”

“ಗ್ರಾಹಕರು ಹೇಳ್ತಾರೆ ಅಂತ ಬಾವಿಗೆ ಬೀಳ್ತೀರಾ?”

ಮರುವಾರ ನನ್ನನ್ನು ಪಕ್ಕದ ಕಂಪ್ಯೂಟರಿಗೆ ದಾಟಿಸಿದ. ಫೋನು ತಾನೇ ಇಟ್ಟುಕೊಂಡ. ನನಗೆ ಕೊಟ್ಟದ್ದು ಹಳೆಯ ಅರ್ಜಿಗಳನ್ನು ಸ್ಕ್ಯಾನ್ ಮಾಡುವ ಕೆಲಸ. ಊಟಕ್ಕೆ ಎದ್ದರೆ ಗಡಿಯಾರ ನೋಡುತ್ತಿದ್ದ. ನನ್ನ ಮಾತನ್ನು ನನ್ನ ಮುಂದೆಯೇ ಅಣಕಿಸಿ ಹಾಸನದವರಿಗೆ ಫೋನಿನಲ್ಲಿ ಕೇಳಿಸುತ್ತಿದ್ದ. ಮೆಟ್ಟಿಲ ಮೇಲೆ ಅವನ ಬೂಟಿನ ಸದ್ದಾದರೆ ನನಗೆ ಹಲ್ಲು ಕಚ್ಚಿಕೊಳ್ಳುವಂತಾಗುತ್ತಿತ್ತು. ನಾನೂ ಸುಮ್ಮನಿರಲಿಲ್ಲ. ಅವನು ಕೇಳಿದ್ದಕ್ಕೆ ಮಾತ್ರ ಉತ್ತರ, ಒಂದಕ್ಷರ ಹೆಚ್ಚಿಗೆ ಇಲ್ಲ. ಎರಡು ಸತ್ತ ಸಿಂಬಲ್‌ಗಳು ಪಟ್ಟಿಯಲ್ಲಿ ಕೊಳೆಯುತ್ತಿದ್ದದ್ದನ್ನು ಕಂಡೂ ಹೇಳಲಿಲ್ಲ. ಅವನೇ ಕಂಡುಕೊಳ್ಳಲಿ ಎಂದುಕೊಂಡೆ.

ಒಂದು ಶನಿವಾರ ಅವನು ಎಲ್ಲ ಪಟ್ಟಿಗಳನ್ನೂ ಇಂಗ್ಲಿಷ್ ಅಕ್ಷರಮಾಲೆಯ ಪ್ರಕಾರ ಜೋಡಿಸಿಬಿಟ್ಟ. ಅದಕ್ಕೆ ಒಂದು ಗುಂಡಿ ಒತ್ತಿದರೆ ಸಾಕು. ಆರು ವರ್ಷದ ನನ್ನ ಕೆಲಸ ಒಂದು ಲೋಟ ಕಾಫಿ ಆರುವಷ್ಟರಲ್ಲಿ ಮುಗಿದುಹೋಯಿತು. “ಈಗ ನೋಡಿ, ಕಣ್ಣಿಗೆ ಹೆಂಗೆ ಕಾಣುತ್ತೆ,” ಎಂದು ನನ್ನ ಕಡೆ ಪರದೆ ತಿರುಗಿಸಿದ. ನಾನು ನೋಡಿದೆ. ನರ್ಸಮ್ಮನ ಬಣ್ಣದ ಕಂಪನಿ ಮೊದಲನೇ ಸಾಲಿನಿಂದ ಏಳನೇ ಸಾಲಿಗೆ ಇಳಿದಿತ್ತು. ನರ್ಸಮ್ಮ ನಂಬರಿನಲ್ಲಿ ಮಾತಾಡುತ್ತಾರೆ ಎಂದು ಆಗಲೇ ಹೇಳಬಹುದಿತ್ತು. ಬಾಯಿಗೆ ಬಂದಿತ್ತು ಕೂಡ. ಅವನ ಮುಖದ ಮೇಲಿನ ನಗು ನೋಡಿ ನುಂಗಿಕೊಂಡೆ.

ಮಂಗಳವಾರ ಮಧ್ಯಾಹ್ನ ಫೋನು ಬಂತು. ಸ್ಪೀಕರಿನಲ್ಲಿತ್ತು. ಗಾಳಿಯ ಸದ್ದು ಕೇಳಿದ ಕೂಡಲೇ ಅದು ಹೆಗ್ಗದ್ದೆಯ ತಿರುವಿನಿಂದ ಎಂದು ನನಗೆ ಗೊತ್ತಾಯಿತು.

“ನರ್ಸು ಕಣವ್ವ. ಏಳನೇದು ಪೂರ್ತಿ ಮಾರ್ಬುಡು.”

ಮ್ಯಾನೇಜರ್ ಹುಬ್ಬೇರಿಸಿದ. ಪಟ್ಟಿ ತೆರೆದ. ಹಾಳೆಯಲ್ಲಿ ಏಳನೇದು ಸಿಮೆಂಟ್ ಕಂಪನಿ. ಅದು ಸಾಕಾಗಿದೆ, ಮಾರಬೇಕು ಎಂದು ಫೋನು ನನ್ನ ಕೈಯಲ್ಲಿದ್ದಾಗ ಅವರು ಹೇಳುತ್ತಿದ್ದದ್ದು ನನ್ನ ಹತ್ತಿರವೇ. ಪರದೆಯ ಮೇಲೆ ಏಳನೇದು ಅಕ್ಕನ ಬಣ್ಣದ ಕಂಪನಿ. ಅವನು ಹೆಸರು ಓದಿ ಹೇಳಲಿಲ್ಲ. “ಓಕೆ ಮೇಡಂ,” ಎಂದ, ಅಷ್ಟೆ. ಅವನ ಬೆರಳು ಮೌಸಿನ ಮೇಲಿತ್ತು. ನಾನು ಅವನಿಂದ ನಾಲ್ಕಡಿ ದೂರದಲ್ಲಿದ್ದೆ, ಕೈಯಲ್ಲಿ ಯಾರದೋ ಅರ್ಜಿ ಹಿಡಿದುಕೊಂಡು. ತಪ್ಪು ಅಂತ ಒಂದು ಮಾತು ಹೇಳಿದ್ದರೆ ಸಾಕಿತ್ತು. ಆ ಕ್ಷಣದಲ್ಲಿ ನನ್ನ ತಲೆಯಲ್ಲಿ ನರ್ಸಮ್ಮ ಇರಲೇ ಇಲ್ಲ. ಇದ್ದದ್ದು ಒಂದೇ: ಬೀಳು, ಬೀಳು ನೀನು.

ಅವನು ಒತ್ತಿದ. ನಾನು ಅರ್ಜಿಯನ್ನು ಸ್ಕ್ಯಾನರಿನೊಳಗೆ ತಳ್ಳಿದೆ.

ಗುರುವಾರ ಬೆಳಿಗ್ಗೆ ಮೊದಲನೇ ಬಸ್ಸಿಗೇ ನರ್ಸಮ್ಮ ಬಂದರು. ಷೇರು ಮಾರಾಟವಾಯಿತೆಂದು ಒಂದು ದಿನ ತಡವಾಗಿ ತಲುಪಿದ್ದ ಮೆಸೇಜನ್ನು ಮೊಬೈಲಿನಲ್ಲಿ ತೆರೆದು ಮೇಜಿನ ಮೇಲಿಟ್ಟರು. ಸುದ್ದಿ ತಿಳಿದು ಸಾಹೇಬರೂ ಕೆಳಗಿನಿಂದ ಏರಿ ಬಂದರು.

“ನಮ್ಮಕ್ಕನ್ದು ಯಾಕೆ ಮಾರಿದ್ರಿ?”

ಮ್ಯಾನೇಜರ್ ಬೆವರಲಿಲ್ಲ. ಅವನು ಬೆವರುವುದನ್ನು ನೋಡಲೆಂದೇ ನಾನು ಎರಡು ದಿನ ಕಾದಿದ್ದೆ. ಫೋನಿನ ರೆಕಾರ್ಡಿಂಗ್ ಹಾಕಿ ಕೇಳಿಸಿದ. ನರ್ಸಮ್ಮನ ದನಿಯೇ ಕೋಣೆಯಲ್ಲಿ ಮಾರಿಬಿಡು ಎಂದಿತು.

“ನೀವೇ ಹೇಳಿದೀರ ಮೇಡಂ. ಏಳನೇದು ಮಾರಿದೀನಿ. ಅಷ್ಟು ಬೇಕಾದ್ರೆ ಮತ್ತೆ ಕೊಂಡ್ಕೊಳಿ, ಮಾರ್ಕೆಟ್ಟಲ್ಲಿ ಸಿಗುತ್ತೆ.”

“ಸಿಗತೈತೆ. ನಮ್ಮಕ್ಕ ತಗೊಂಡಿದ್ದು ಸಿಗತೈತಾ?” ಎಂದರು ನರ್ಸಮ್ಮ. ಚೀಲದಿಂದ ಹಾಳೆ ತೆಗೆದು ಸಾಹೇಬರ ಮುಂದೆ ಬಿಡಿಸಿದರು. ಮಡಿಕೆಯಲ್ಲಿ ಸವೆದಿತ್ತು. ನನ್ನ ಅಕ್ಷರ. ಏಳನೇ ಸಾಲಿನಲ್ಲಿ ಸಿಮೆಂಟ್.

ಸಾಹೇಬರು ಹಾಳೆ ನೋಡಿದರು, ಪರದೆ ನೋಡಿದರು, ಎರಡೂ ಅರ್ಥವಾಗಿ ತಲೆ ತಗ್ಗಿಸಿದರು. ಮ್ಯಾನೇಜರ್ ಮಾತ್ರ, “ಈ ಹಾಳೆ ಬಗ್ಗೆ ನಂಗ್ಯಾರೂ ಹೇಳಿಲ್ಲ ಸರ್,” ಎಂದ. ಅದು ನಿಜ.

ಆಗ ನರ್ಸಮ್ಮ ನನ್ನ ಕಡೆ ತಿರುಗಿದರು. “ನೀನು ರಜ ಹಾಕಿದ್ಯಾ ಅವತ್ತು?”

ಹೌದು ಎನ್ನಬಹುದಿತ್ತು. ಅವರು ಅದನ್ನೇ ಕೇಳಬಯಸಿದ್ದರು, ದನಿಯಲ್ಲೇ ಗೊತ್ತಾಗುತ್ತಿತ್ತು.

“ಇಲ್ಲೇ ಇದ್ದೆ.”

“ನಾನ್ ಹೇಳಿದ್ದು ಕೇಳಿಸ್ತಾ?”

“ಕೇಳಿಸ್ತು.”

“ಮತ್ತೆ?”

ನಾನು ಹೇಳಿದೆ. ಪಟ್ಟಿ ಅದಲುಬದಲಾದದ್ದು ಶನಿವಾರದಿಂದಲೇ ಗೊತ್ತಿತ್ತು ಎಂದು, ಇವನು ಸಿಕ್ಕಿಬೀಳಲಿ ಎಂದು ಸುಮ್ಮನಿದ್ದೆ ಎಂದು. ಹೇಳುವಾಗಲೂ ಮ್ಯಾನೇಜರನ ಮುಖ ನೋಡುತ್ತಿದ್ದೆ. ಅವನಿಗೆ ನಗು ಬರುತ್ತಿತ್ತು, ತಡೆದುಕೊಳ್ಳುತ್ತಿದ್ದ.

ನರ್ಸಮ್ಮ ಕೂಗಾಡಲಿಲ್ಲ. “ಇವ್ನಿಗೆ ಗೊತ್ತಿರ್ಲಿಲ್ಲ. ನಿಂಗೆ ಗೊತ್ತಿತ್ತು,” ಎಂದರು. ಹಾಳೆಯನ್ನು ಮತ್ತೆ ಮಡಿಸುತ್ತ, “ಎಸ್ಟೇಟ್ ಆಸ್ಪತ್ರೇಲಿ ನಾವೂ ಜಗಳಾಡ್ತಿದ್ವಿ ಕಣೆ. ಡಾಕ್ಟ್ರು ನಾನು ಮುಖ ನೋಡ್ತಿರ್ಲಿಲ್ಲ. ಹಂಗಂತ ತಪ್ಪು ಇಂಜೆಕ್ಷನ್ ಕೊಡ್ತಿದ್ರೆ ನೋಡ್ಕಂಡು ನಿಲ್ತಿದ್ವಾ?”

“ತಪ್ಪಾಯ್ತು ನರ್ಸಮ್ಮ.”

“ನನ್ನ ಹೆಸ್ರು ಹಿಡ್ದು ಮಾತಾಡ್ಬ್ಯಾಡ.”

ಅವರು ಖಾತೆ ಮುಚ್ಚುವ ಅರ್ಜಿಗೆ ಅಲ್ಲೇ ಸಹಿ ಹಾಕಿದರು. ಸಾಹೇಬರು ಎಷ್ಟು ಬೇಡಿಕೊಂಡರೂ ಕಾಫಿ ಕುಡಿಯಲಿಲ್ಲ. ಅವರು ಇಳಿದುಹೋದ ಮೇಲೆ ಸಾಹೇಬರು ನನಗೆ, “ನಿಂದು ಒಂದೇ ಒಂದು ಮಾತಿನ ಕೆಲ್ಸ ಇತ್ತಲ್ಲಮ್ಮ,” ಎಂದಷ್ಟೇ ಹೇಳಿ ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಮ್ಯಾನೇಜರನಿಗೂ ಏನೂ ಆಗಲಿಲ್ಲ. ಇಬ್ಬರೂ ಅದೇ ಕೋಣೆಯಲ್ಲಿ ಇನ್ನೂ ಹತ್ತು ತಿಂಗಳು ಕೂತೆವು. ಆ ದಿನದ ನಂತರ ಅವನು ನನ್ನನ್ನು ಅಣಕಿಸುವುದನ್ನು ಬಿಟ್ಟ. ಅದರ ಅಗತ್ಯವೇ ಬೀಳಲಿಲ್ಲ. ಒಂದು ಸಲ, “ನಾವಿಬ್ರೂ ಒಂದೇ ತರ ಬಿಡಿ,” ಎಂದ. ಅದಕ್ಕಿಂತ ಹೊಲಸು ಮಾತನ್ನು ಯಾರೂ ನನಗೆ ಅಂದಿಲ್ಲ. ಆಮೇಲೆ ಅವನಿಗೆ ಹಾಸನಕ್ಕೇ ವರ್ಗವಾಯಿತು, ಬಡ್ತಿಯ ಮೇಲೆ.

ಪಟ್ಟಿಗಳು ಮತ್ತೆ ನನ್ನ ಕೈಗೆ ಬಂದವು. ಅವನ್ನು ಹಳೆಯ ಕ್ರಮಕ್ಕೆ ತರಲು ಹತ್ತಿರ ಹತ್ತಿರ ಒಂದು ತಿಂಗಳು ಹಿಡಿಯಿತು. ಕೆಲವರ ಕ್ರಮ ನನಗೇ ಮರೆತುಹೋಗಿತ್ತು. ಅವರನ್ನು ಕೇಳಿ, ಅವರು ಹೇಳಿದ ಹಾಗೆ ಬರೆದುಕೊಂಡೆ. ನರ್ಸಮ್ಮನ ಪಟ್ಟಿಯನ್ನು ಅಳಿಸಬೇಕಾಯಿತು. ಗ್ರಾಹಕರಿಲ್ಲದ ಪಟ್ಟಿ ಇಟ್ಟುಕೊಳ್ಳುವ ಹಾಗಿಲ್ಲ.

ಕಳೆದ ಮಳೆಗಾಲ ಮುಗಿದ ಮೇಲೆ ಸಕಲೇಶಪುರದ ಬಸ್‌ಸ್ಟ್ಯಾಂಡಿನಲ್ಲಿ ಅವರು ಸಿಕ್ಕಿದರು. ಬೆಂಚಿನಲ್ಲಿ ಅವರ ಪಕ್ಕ ಜಾಗವಿತ್ತು. ನಾನು ಹತ್ತಿರ ಹೋಗಿ ನಿಂತೆ. ಅವರು ತಲೆಯೆತ್ತಿ ನೋಡಿ ಗುರುತು ಹಿಡಿದರು. ಕಾಲ ಬಳಿಯಿದ್ದ ತಮ್ಮ ಚೀಲವನ್ನು ಎತ್ತಿ, ಖಾಲಿಯಿದ್ದ ಆ ಜಾಗದಲ್ಲಿ ಇಟ್ಟರು.